ಒಂಬತ್ತನೇ ಮೈಲಿಯ ಕಸ

ಮರದ ಕಂಪನಿಯ ಕಾಡಿನ ರಸ್ತೆಯಲ್ಲಿ ಕಣ್ಣು ಅರ್ಧ ಇದ್ದರೂ ನಡೆದೀತು, ಕಿವಿ ಪೂರ್ತಿ ಇರಬೇಕು. ರಸ್ತೆ ಒಂದೇ ಗಾಡಿಯ ಅಗಲ. ತಿರುವಿನಾಚೆಯಿಂದ ಫರ್ ದಿಮ್ಮಿ ಹೇರಿಕೊಂಡ ಲಾರಿ ಇಳಿದು ಬಂತೆಂದರೆ, ಅದಕ್ಕೆ ಬ್ರೇಕು ಇದೆ ಎನ್ನುವುದು ಬರೀ ನಂಬಿಕೆಯ ಮಾತು. ಆದ್ದರಿಂದ ಲಾರಿಯವನಿರಲಿ, ಬೇಟೆಯವನಿರಲಿ, ಹಣ್ಣು ಕೀಳಲು ಹೊರಟ ಮುದುಕಿಯೇ ಇರಲಿ, ಮೈಲಿಗಲ್ಲು ದಾಟಿದಾಗಲೆಲ್ಲ ರೇಡಿಯೊದ ಗುಂಡಿ ಒತ್ತಿ ಕೂಗಬೇಕು: "ಐದನೇ ಮೈಲಿ, ಖಾಲಿ, ಹತ್ತುತಿದ್ದೀನಿ." "ಏಳನೇ ಮೈಲಿ, ಲೋಡು, ಇಳೀತಿದ್ದೀನಿ." ಸುಳ್ಳು ಮೈಲಿ ಕೂಗುವುದೆಂದರೆ ಎಲ್ಡನ್ ಫೋರ್ಕ್ ಊರಿನಲ್ಲಿ ಕೊಲೆಗಿಂತ ಒಂದು ಗುಲಗಂಜಿ ಕಮ್ಮಿ, ಅಷ್ಟೆ.

ರೋಲಿ ಮ್ಯಾಡಕ್ಸ್ ಯಾವತ್ತೂ ಸುಳ್ಳು ಮೈಲಿ ಕೂಗಿದವನಲ್ಲ. ಅವನು ಕೂಗುತ್ತಿದ್ದುದು ಸುಳ್ಳು ದನಿ.

ಪಾದ್ರಿಯ ದನಿಯಲ್ಲಿ ಬಯ್ಯುತ್ತಿದ್ದ, ಬಾಯಿ ಬಿಟ್ಟರೆ ಬಯ್ಯುವ ವೆಂಡಲನ ದನಿಯಲ್ಲಿ ಪ್ರಾರ್ಥನೆ ಹೇಳುತ್ತಿದ್ದ. ವೆಂಡಲನ ಜೆಸಿಬಿ ಹಿಂದಕ್ಕೆ ಬರುವಾಗಿನ ಕೀರಲನ್ನೂ ಬಿಟ್ಟಿರಲಿಲ್ಲ. ಅದನ್ನು ಕೇಳಿ ಒಮ್ಮೆ ಬಾರಿನಲ್ಲಿ ನಾಲ್ಕು ಜನ ಗೋಡೆಗೆ ಒರಗಿ ದಾರಿ ಬಿಟ್ಟಿದ್ದರು. ಹೋದ ವರ್ಷ ಕಾಡಿಗೆ ಹೋಗಿಬರುವ ಊರವರ ಸಂಘದ ಅಧ್ಯಕ್ಷೆ ಬೆವ್ ಟಾಲಿವರ್‌ಗೆ ಅರವತ್ತು ತುಂಬಿದಾಗ ಕಂಪನಿಯ ಅರಣ್ಯಾಧಿಕಾರಿ ಕಿಪ್ ಬ್ರ್ಯಾನಕ್‌ನ ದನಿಯಲ್ಲಿ ರೇಡಿಯೊದಲ್ಲಿ ಕರೆದಿದ್ದ: "ಮಿಸೆಸ್ ಟಾಲಿವರ್, ಕಾಡಿನ ಗೇಟು ಮುರಿದಿದೆ, ಈಗಿಂದೀಗ್ಲೇ ಬನ್ನಿ." ಅವಳು ರಾತ್ರಿಯುಡುಪಿನ ಮೇಲೆ ಬೂಟು ಹಾಕಿಕೊಂಡು ಓಡಿ ಬಂದರೆ ಗೇಟು ನೆಟ್ಟಗೆ ನಿಂತಿದೆ, ಮುಂದೆ ಮೇಜು, ಮೇಜಿನ ಮೇಲೆ ಕೇಕು, ಸುತ್ತ ಇಡೀ ಸಂಘ. ಬೆವ್ ಅತ್ತಳು, ಬೈದಳು, ಎರಡು ತುಂಡು ತಿಂದಳು. ಆವತ್ತಿನಿಂದ ರೋಲಿಯ ಸುಳ್ಳು ಕರೆ ಎಂದರೆ ಊರಿಗೆ ಶುಭ ಶಕುನ.

ಆ ಗೇಟೇ ಈಗ ಎಲ್ಲರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕಾಡು ಕಂಪನಿಯದು, ಹೊಳೆಯೂ ಹೆಚ್ಚುಕಡಿಮೆ ಕಂಪನಿಯದೇ. ಊರಿನವರಿಗೆ ಇದ್ದದ್ದು ಹೋಗಿಬರುವ ರೂಢಿ ಮಾತ್ರ. ಎಲ್ಲಿಂದಲೋ ಬಂದವರು ಹರಿದ ಹಾಸಿಗೆ, ಸತ್ತ ಫ್ರಿಜ್ಜು, ಟೈರು ತಂದು ಸುರಿದು ಹೋಗುತ್ತಿದ್ದರು. ಉತ್ತರದ ಗೇಟನ್ನು ಕಂಪನಿ ಆಗಲೇ ಮುಚ್ಚಿತ್ತು. ಚಳಿಗಾಲ ಮುಗಿಯುತ್ತಲೇ ಕಿಪ್ ಸಂಘದ ಸಭೆಗೆ ಬಂದು, ಕಾಫಿ ಬೇಡವೆಂದು, ನಿಂತೇ ಹೇಳಿದ: "ಏಪ್ರಿಲ್ ಕೊನೇ ಶನಿವಾರ ಮಧ್ಯಾಹ್ನ ನೋಡೋಕೆ ಬರ್ತೀನಿ. ಹನ್ನೆರಡನೇ ಮೈಲಿವರೆಗೆ ಮರ, ಕಲ್ಲು, ಮಣ್ಣು, ಈ ಮೂರು ಬಿಟ್ಟು ನಾಲ್ಕನೇದು ಕಂಡ್ರೆ ಗೇಟು ಬಂದ್. ಆಮೇಲೆ ನಡ್ಕೊಂಡು ಬೇಕಾದ್ರೆ ಹೋಗಿ. ಕ್ಲೀನಾಗಿದ್ರೆ ಸಂಘಕ್ಕೇ ಒಂದು ಬೀಗದ ಕೈ ಕೊಡ್ತೀವಿ. ಒಬ್ಬರು ಅದನ್ನ ನೋಡ್ಕೋಬೇಕು."

ನಡ್ಕೊಂಡು ಎಂಬ ಮಾತಿಗೆ ರೋಲಿಯ ಎಡ ಮೊಣಕಾಲು ತಾನಾಗಿ ಮಿಡಿಯಿತು. ಮೂವತ್ತು ವರ್ಷ ಇಳಿಜಾರಿನಲ್ಲಿ ದಿಮ್ಮಿಗೆ ಉಕ್ಕಿನ ಹಗ್ಗ ಬಿಗಿದು ಅವನು ಗಳಿಸಿದ್ದು ಅದೊಂದೇ, ಮಡಚಲಾಗದ ಮೊಣಕಾಲು. ಮೇಲೆ ಹನ್ನೊಂದನೇ ಮೈಲಿಯ ಆಚೆ ಅವನ ಅಪ್ಪನ ಕಾಲದ ಬೇಟೆಯ ಬಿಡಾರದ ಜಾಗ. ಪ್ರತಿ ಸೆಪ್ಟೆಂಬರಿನಲ್ಲಿ ಎಲ್ಕ್ ಎಂಬ ಭಾರೀ ಜಿಂಕೆ ಕೂಗುವುದನ್ನು ಕೇಳಿ, ತಾನೂ ಹಾಗೇ ಕೂಗಿ, ಗಂಡು ಎಲ್ಕನ್ನು ಪೊದೆಯಿಂದ ಹೊರಗೆ ತರುವ ಜಾಗ. ಗೇಟಿಗೆ ಬೀಗ ಬಿದ್ದರೆ ಕಾಲಿದ್ದವನಿಗೆ ಕಾಡು, ರೋಲಿಗೆ ಕಿಟಕಿ.

"ಒಂಬತ್ತನೇ ಮೈಲೀಲಿ ಒಂದು ಗಾಲಿಮನೆ ಇದೆ, ಡ್ರೋನ್ ಫೋಟೋದಲ್ಲಿ ಬಂದಿದೆ," ಎಂದ ಕಿಪ್ ಬಾಗಿಲ ಬಳಿ ತಿರುಗಿ. "ಯಾರೋ ನಿಸ್ಕನೆನ್ ಅಂತೆ. ಅದು ಮರವೂ ಅಲ್ಲ, ಕಲ್ಲೂ ಅಲ್ಲ."

ಅವನು ಹೋದ ಮೇಲೆ ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ಹೊಸದಾಗಿ ಕೊಂಡವರಂತೆ ನೋಡಿಕೊಂಡರು. ಅರ್ವೊ ನಿಸ್ಕನೆನ್ ಯಾರೋ ಅಲ್ಲ. ಅದೇ ಕಂಪನಿಯ ದಿಮ್ಮಿ ಲಾರಿಯನ್ನು ನಲವತ್ತು ವರ್ಷ ಓಡಿಸಿದವನು. ರೇಡಿಯೊದಲ್ಲಿ ಮೈಲಿ ಕೂಗುವುದನ್ನು ರೋಲಿಗೆ ಕಲಿಸಿದವನೂ ಅವನೇ. ಹೆಂಡತಿ ಹೆಲ್ಮಿಯನ್ನು ಕಾಯಿಲೆ ನುಂಗಿತು, ಮನೆಯನ್ನು ಆಸ್ಪತ್ರೆಯ ಬಿಲ್ಲು ನುಂಗಿತು. ಉಳಿದದ್ದು ನೀಲಿ ಬಾಗಿಲಿನ ಒಂದು ಹಳೆಯ ಗಾಲಿಮನೆ. ಅದನ್ನು ಒಂಬತ್ತನೇ ಮೈಲಿಯ ಬಯಲಿಗೆ ಎಳೆದು ನಿಲ್ಲಿಸಿದಾಗ ಬೇಡ ಎಂದವರಿಲ್ಲ. ವೆಂಡಲ್ ಸೌದೆ ಕೊಟ್ಟ. ಬೆವ್ ಹಳೇ ಕಂಬಳಿ ಕೊಟ್ಟಳು. ಕೊಟ್ಟದ್ದನ್ನು ಇಬ್ಬರೂ ಎಲ್ಲರಿಗೂ ಹೇಳಿಕೊಂಡರು.

"ಅರ್ವೊಗೆ ಯಾರು ಹೇಳ್ತೀರಾ?" ಎಂದಳು ಬೆವ್.

"ನನ್ ಕೊಟ್ಟಿಗೆ ಹಿಂದೆ ಜಾಗ ಇದೆ," ಎಂದ ವೆಂಡಲ್. ಎಲ್ಲರೂ ಆಸೆಯಿಂದ ಅವನತ್ತ ತಿರುಗಿದರು. "ಇತ್ತು," ಎಂದ ವೆಂಡಲ್. "ಈಗ ದೋಣಿ ನಿಲ್ಸಿದೀನಿ."

"ಅವನು ತುಂಬ ಒಳ್ಳೆಯವನು ಪಾಪ," ಎಂದಳು ಮಾರ್ವಾ ಎಂಬ ನಿವೃತ್ತ ನರ್ಸು, ತೀರಿಕೊಂಡವರ ಬಗ್ಗೆ ಹೇಳುವ ದನಿಯಲ್ಲಿ.

"ನಾನು ಕರೀತೀನಿ ಬಿಡಿ," ಎಂದ ರೋಲಿ.

"ಹೇಳು ಅಂದೆ ಕಣೋ. ಕರಿ ಅನ್ಲಿಲ್ಲ."

"ಎರಡೂ ಬಾಯಿಂದಲೇ ತಾನೇ ಆಗ್ಬೇಕು ಬೆವ್."

ಯಾರೋ ನಕ್ಕರು. ನಕ್ಕದ್ದರಿಂದ ಸಭೆ ಮುಗಿಯಿತು. ಇನ್ನು ಈ ವಿಷಯ ರೋಲಿಯದು ಎಂದು ಎಲ್ಲರ ಮುಖವೂ ಹಗುರಾಯಿತು.

ಆಮೇಲಿನ ವಾರಗಳಲ್ಲಿ ಹೇಳುವುದಕ್ಕೆಂದು ರೋಲಿ ಎರಡು ಸಲ ಒಂಬತ್ತನೇ ಮೈಲಿಗೆ ಹೋಗಿದ್ದ. ಎರಡು ಸಲವೂ ಅರ್ವೊ ಬಿಸಿ ಬನ್ನು ಕೊಟ್ಟು, "ಆ ಪಾದ್ರೀದು ಒಂದ್ಸಲ ಮಾಡೋ," ಎಂದಿದ್ದ. ಪಾದ್ರಿಯನ್ನು ಮಾಡಿ, ಬನ್ನು ತಿಂದು, ರೋಲಿ ಇಳಿದು ಬಂದಿದ್ದ. ಸ್ವಂತ ದನಿಯಲ್ಲಿ ಆಡಬೇಕಾದ ಮಾತು ಅವನಿಗೆ ಯಾವತ್ತೂ ಬಾಯಿಗೆ ಬರುತ್ತಿರಲಿಲ್ಲ.

ಏಪ್ರಿಲ್ ಕೊನೆಯ ಶನಿವಾರ ಬೆಳಿಗ್ಗೆ ಊರೆಲ್ಲ ಕೈಗವಸು ತೊಟ್ಟು ಕಾಡಿಗೆ ಹೊರಟಿತು. ರೋಲಿ ಎಲ್ಲರಿಗಿಂತ ಮೊದಲು ಹೋಗಿ ಎಂಟನೇ ಮೈಲಿಯ ಕವಲುದಾರಿಯಲ್ಲಿ ಪಿಕಪ್ ಮರೆಮಾಡಿ ನಿಲ್ಲಿಸಿದ. ಮೂಗನ್ನು ಸ್ವಲ್ಪ ಬಿಗಿಹಿಡಿದು, ನಾಲಿಗೆಗೆ ಇಸ್ತ್ರಿ ಹಾಕಿಕೊಂಡು, ಗುಂಡಿ ಒತ್ತಿದ.

"ಮಿಸ್ಟರ್ ನಿಸ್ಕನೆನ್, ಕಿಪ್ ಬ್ರ್ಯಾನಕ್ ಮಾತಾಡ್ತಿರೋದು. ಕೆಳಗೆ ಗೇಟಿನ ಹತ್ರ ಬನ್ನಿ. ನಿಮ್ಮ ಜಾಗದ ವಿಷಯ. ಒಳ್ಳೇ ಸುದ್ದಿ."

ರೇಡಿಯೊ ಸ್ವಲ್ಪ ಹೊತ್ತು ಬರೀ ಉಸಿರಾಡಿತು. ಆಮೇಲೆ ಕೆಮ್ಮಿನಂಥದ್ದು ಏನೋ.

"ಬಂದೆ ಸಾರ್. ಶರ್ಟು ಬದಲಾಯಿಸ್ಕೊಂಡ್ ಬರ್ಲಾ?"

"ಬದಲಾಯಿಸಿ," ಎಂದ ರೋಲಿ. ಅದನ್ನೂ ಕಿಪ್‌ನ ದನಿಯಲ್ಲೇ ಎಂದದ್ದಕ್ಕೆ ಆ ಗಳಿಗೆಯಲ್ಲೂ ಅವನಿಗೆ ಒಂದು ಚೂರು ಹೆಮ್ಮೆಯಾಯಿತು.

"ಒಂಬತ್ತನೇ ಮೈಲಿ, ಸಣ್ಣ ಗಾಡಿ, ಇಳೀತಿದ್ದೀನಿ," ಎಂದು ಅರ್ವೊನ ಕೂಗು ಬಂತು. ಆಮೇಲೆ ತುಕ್ಕು ಹಿಡಿದ ಪಿಕಪ್ ದಾಟಿ ಹೋಯಿತು. ಬಿಳಿ ಶರ್ಟು, ಟೈ, ನೀರು ಹಚ್ಚಿ ಬಾಚಿದ ಕೂದಲು. ದಾಟುವಾಗ ಸ್ಟಿಯರಿಂಗಿನಿಂದ ಎರಡು ಬೆರಳು ಎತ್ತಿದ. ಲಾರಿಯವರ ಹಳೇ ನಮಸ್ಕಾರ. ರಸ್ತೆಗೆ ಮಾಡಿದ್ದಿರಬೇಕು ಎಂದುಕೊಂಡ ರೋಲಿ. ಕಸದ ದಂಡು ಆಗ ಗಾಡಿಗಳನ್ನು ಪಕ್ಕಕ್ಕೆ ನಿಲ್ಲಿಸಿ ಕೆಳಗಿನ ಹಳ್ಳಕ್ಕೆ ಇಳಿದಿತ್ತು; ರೇಡಿಯೊದ ಕರೆಯನ್ನೂ ಕೇಳಲಿಲ್ಲ, ಅರ್ವೊನ ಗಾಡಿಯನ್ನೂ ನೋಡಲಿಲ್ಲ.

ಕಸದ ದಂಡು ಒಂಬತ್ತನೇ ಮೈಲಿಗೆ ಬಂದಾಗ ರೋಲಿ ಬಯಲಿನಲ್ಲಿ ನಿಂತಿದ್ದ.

"ಎಲ್ಲೋ ಅವನು?" ಎಂದಳು ಬೆವ್.

"ಹೋದ."

"ಎಲ್ಲಿಗೆ?"

"ಅಸ್ಟೋರಿಯಾದಲ್ಲಿ ಅಣ್ಣನ ಮಗಳಿದಾಳಲ್ಲ."

ಅರ್ವೊಗೆ ಅಸ್ಟೋರಿಯಾದಲ್ಲಿ ಅಣ್ಣನ ಮಗಳಿರುವುದು ನಿಜವೇ. ಎರಡು ನಿಜಗಳನ್ನು ಅಕ್ಕಪಕ್ಕ ಇಟ್ಟರೆ ನಡುವೆ ಒಂದು ಸುಳ್ಳು ಆರಾಮಾಗಿ ಕೂತುಕೊಳ್ಳುತ್ತದೆ.

ಬಯಲಿನ ಅಂಚಿನಲ್ಲಿ ಕಪ್ಪು ಚೀಲಗಳ ಸಾಲು ಇತ್ತು. ಒಂದೊಂದರ ಬಾಯನ್ನೂ ಅಚ್ಚುಕಟ್ಟಾಗಿ ಕಟ್ಟಿತ್ತು. ಬಿಯರ್ ಕ್ಯಾನು ಬೇರೆ, ಗಾಜು ಬೇರೆ, ತೋಟಾ ಚಿಪ್ಪು ಬೇರೆ. ರಸ್ತೆಯುದ್ದಕ್ಕೂ ಇಷ್ಟು ದಿನ ಆಯ್ದು ಸಂಘಕ್ಕೆಂದು ಅರ್ವೊ ಇಟ್ಟಿದ್ದು. ಹಲಗೆಯ ಮೇಲೆ ತೊಳೆದ ಲೋಟಗಳನ್ನು ಬೋರಲು ಹಾಕಿದ್ದ, ಬರುವವರು ಬಾಯಾರಿರುತ್ತಾರೆ ಎಂದು. ಮೊದಲು ಚೀಲಗಳನ್ನು ಹೇರಿದರು. ಅದು ಸುಲಭದ ಕೆಲಸ, ಎಲ್ಲರೂ ಮುಗಿಬಿದ್ದರು.

ಮಾರ್ವಾ ಗಾಲಿಮನೆಯ ಒಳಗೆ ಹೋಗಿ ಒಲೆಯ ಮೇಲಿನ ಕಾಫಿ ಪಾತ್ರೆಗೆ ಕೈ ಮುಟ್ಟಿಸಿದಳು. ಕೈ ಹಿಂದಕ್ಕೆ ಬಂತು. ಜ್ವರ ನೋಡಿ ನೋಡಿ ಪಳಗಿದ ಕೈ, ತಪ್ಪು ಹೇಳುವಂಥದ್ದಲ್ಲ. ಹಿಂದಿದ್ದ ಬೆವ್ ಅವಳ ಮುಖ ನೋಡಿದಳು. ಬೆವ್‌ಳ ಮುಖವನ್ನು ವೆಂಡಲ್ ನೋಡಿದ. ಮಾರ್ವಾ ಪಾತ್ರೆಯನ್ನು ಹೊರಗೆ ತಂದು ಕಾಫಿಯನ್ನು ಜರೀಗಿಡದ ಬುಡಕ್ಕೆ ಸುರಿದಳು. ಹಬೆ ಎದ್ದಿತು. ಎಲ್ಲರೂ ಬೇರೆ ಕಡೆ ನೋಡುವುದರಲ್ಲಿ ತೊಡಗಿದ್ದರಿಂದ ಹಬೆಯನ್ನು ಯಾರೂ ನೋಡಲಿಲ್ಲ.

"ಎರಕದ ಬಾಣಲೆ," ಎಂದಳು ಮಾರ್ವಾ. "ಇಂಥದ್ದನ್ನ ಎಸೆಯೋದು ಪಾಪ." ಪಾಪ ಮಾಡಬಾರದೆಂದು ಅದನ್ನು ತನ್ನ ಗಾಡಿಯಲ್ಲಿಟ್ಟುಕೊಂಡಳು. ಆ ಪುಣ್ಯ ಅಂಟುರೋಗದಂತೆ ಹಬ್ಬಿತು. ಒಬ್ಬರು ಲಾಂದ್ರವನ್ನು ಕಾಪಾಡಿದರು, ಒಬ್ಬರು ಗರಗಸವನ್ನು ಕಾಪಾಡಿದರು. ಬೆವ್ ತನ್ನದೇ ಕಂಬಳಿಯನ್ನು ವಾಪಸು ಕಾಪಾಡಿದಳು.

ವೆಂಡಲ್ ಜೆಸಿಬಿಯ ಮೇಲೆ ಕೂತ. ಬಕೆಟ್ಟು ಮೇಲೆತ್ತಿದವನು ಅಲ್ಲೇ ನಿಲ್ಲಿಸಿದ. "ಏ ರೋಲಿ, ಒಳಗೆ ಗೋಡೆ ಮೇಲೆ ಹೆಲ್ಮಿ ಫೋಟೋ ಇದೆ ಕಣೋ."

ಎಲ್ಲರೂ ನಿಂತರು. ಯಾರಾದರೂ ಒಬ್ಬರು ಬೇಡ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ರೋಲಿಗೂ ಅದು ತಿಳಿಯಿತು. ಮೊಣಕಾಲು ಮಿಡಿಯಿತು. ಮೂಗು ಬಿಗಿಹಿಡಿದ.

"ಮಿಸ್ಟರ್ ವೆಂಡಲ್, ಮರ, ಕಲ್ಲು, ಮಣ್ಣು. ಫೋಟೋ ಈ ಮೂರರಲ್ಲಿ ಯಾವುದು ಅಂತ ದಯವಿಟ್ಟು ತಿಳಿಸಿ."

ಕಿಪ್‌ನ ದನಿ ಅಷ್ಟು ಸರಿಯಾಗಿ ಬಂದಿತ್ತು. ಬೆವ್ ಬಾಯಿಗೆ ಕೈಗವಸು ಒತ್ತಿಕೊಂಡು ನಕ್ಕಳು. ಮಾರ್ವಾ ನಕ್ಕಳು. ವೆಂಡಲ್ ನಗುತ್ತಾ ಬಯ್ಯುತ್ತಾ ಲಿವರ್ ಎಳೆದ, ಬಕೆಟ್ಟು ಬಿತ್ತು. ಗಾಲಿಮನೆ ಬಿಸ್ಕತ್ತಿನ ಡಬ್ಬಿಯ ಸದ್ದು ಮಾಡಿ ಕೂತುಬಿಟ್ಟಿತು. ನೀಲಿ ಬಾಗಿಲು ಮಾತ್ರ ಮುರಿಯಲಿಲ್ಲ. ಅದನ್ನು ವೆಂಡಲನ ಟ್ರಕ್ಕಿಗೆ ಹೇರಿದ ಮಾಲಿನ ಮೇಲೆ ಅಡ್ಡ ಮಲಗಿಸಿ ಹಗ್ಗ ಕಟ್ಟಿದರು.

ಕೆಳಗೆ ಗೇಟಿನ ಬಳಿ ಮೇಜು ಹಾಕಿ ಹಾಟ್‌ಡಾಗ್ ಸುಡುತ್ತಿದ್ದರು. ಆಯ್ದ ಕಸವೆಲ್ಲ ಅಲ್ಲೇ ಒಂದು ಗುಡ್ಡೆ. ಮೊದಲು ಇಳಿದು ಬಂದ ರೋಲಿ ಕಣ್ತಪ್ಪಿಸಿ ಮೇಜಿನ ಆಚೆ ಸುತ್ತಿ ಹೋಗುವಷ್ಟರಲ್ಲಿ ಅರ್ವೊ ಅವನ ತೋಳು ಹಿಡಿದ.

"ಕಿಪ್‌ನ ದನಿ ಚೆನ್ನಾಗ್ ಮಾಡ್ದೆ ಕಣೋ."

ರೋಲಿ ತೋಳು ಬಿಡಿಸಿಕೊಂಡ. "ಏನು?"

"ಒಂದೇ ತಪ್ಪು. ಅವನು ಗುಂಡಿ ಒತ್ತೋಕ್ ಮುಂಚೇನೇ ಮಾತು ಶುರು ಮಾಡ್ತಾನೆ, ಅವಸರದ ಮನುಷ್ಯ. ಮೊದಲನೇ ಪದ ಯಾವಾಗ್ಲೂ ತುಂಡಾಗಿ ಬರುತ್ತೆ, 'ಸ್ಟರ್' ಅಂತ. ನೀನು ಪೂರ್ತಿ 'ಮಿಸ್ಟರ್' ಅಂದ್ಬಿಟ್ಟೆ."

"ಗೊತ್ತಿದ್ದೂ ಬಂದ್ರಾ?"

ಅರ್ವೊ ಆಚೀಚೆ ನೋಡಿ, ಗುಟ್ಟಿನವನಂತೆ ಹತ್ತಿರ ಬಾಗಿದ. ಮೈಯಿಂದ ಸೋಪಿನ ವಾಸನೆ. "ಬೆವ್‌ಗೆ ಅರವತ್ತಾದಾಗ್ಲೂ ಹೀಗೇ ಕರ್ದಿದ್ದೆ ಅಲ್ವಾ. ಇವತ್ತು ನನಗೆ ಎಂಬತ್ತು. ಯಾರಿಗೂ ನೆನಪಿರಲ್ಲ ಅಂದ್ಕೊಂಡಿದ್ದೆ ಕಣೋ. ನೀನೇನೂ ಹೇಳ್ಬೇಡ, ನಾನೂ ಕೇಳಲ್ಲ. ಕೇಕು ಬಂದಾಗ ಏನೂ ಗೊತ್ತಿಲ್ದೋನ ಹಾಗೆ ಇರ್ತೀನಿ. ನೋಡು, ಸರಿಯಾಗಿದ್ಯಾ?"

ಹುಬ್ಬು ಮೇಲೇರಿಸಿ, ಬಾಯಿ ತೆರೆದು, ಎದೆಯ ಮೇಲೆ ಕೈಯಿಟ್ಟು, ಆಶ್ಚರ್ಯಪಟ್ಟು ತೋರಿಸಿದ. ಅನುಕರಣೆಯಲ್ಲಿ ಅವನು ಏನೇನೂ ಸಾಲದು.

"ಸರಿಯಾಗಿದೆ," ಎಂದ ರೋಲಿ.

ಮೇಜಿನ ಮೇಲಿದ್ದ ರೇಡಿಯೊ ಗುರ್ರೆಂದಿತು. ವೆಂಡಲನ ದನಿ: "ಒಂದನೇ ಮೈಲಿ, ಲೋಡು, ಇಳೀತಿದ್ದೀನಿ."

ಅರ್ವೊ ಟೈ ಸರಿಮಾಡಿಕೊಂಡು, ರೋಲಿಗೆ ಕಣ್ಣು ಮಿಟುಕಿಸಿ, ಆಶ್ಚರ್ಯದ ಮುಖವನ್ನು ಸಿದ್ಧಮಾಡಿ ರಸ್ತೆಯ ಕಡೆ ತಿರುಗಿದ. ತಿರುವಿನಲ್ಲಿ ವೆಂಡಲನ ಟ್ರಕ್ಕು ಕಾಣಿಸಿತು. ಮೊದಲು ಜಜ್ಜಿಹೋದ ತಗಡು, ಆಮೇಲೆ ಹಾಸಿಗೆ, ಎಲ್ಲದರ ಮೇಲೆ ಆಕಾಶಕ್ಕೆ ಮುಖಮಾಡಿ ಮಲಗಿದ ನೀಲಿ ಬಾಗಿಲು. ಟ್ರಕ್ಕು ಗುಡ್ಡೆಯ ಪಕ್ಕಕ್ಕೆ ಬಂದು ನಿಂತಿತು. ಹಗ್ಗ ಬಿಚ್ಚಿದರು. ಎಲ್ಲ ಜಾರಿ ಬಿತ್ತು. ಅಷ್ಟು ಹೊತ್ತೂ ಅರ್ವೊನ ಹುಬ್ಬು ಮೇಲೆ, ಬಾಯಿ ತೆರೆದೇ, ಎದೆಯ ಮೇಲೆ ಕೈ. ಹಾಕಿಕೊಂಡ ಮುಖವನ್ನು ತೆಗೆಯುವುದು ಅವನಿಗೆ ಮರೆತುಹೋಗಿತ್ತು.

ಮಧ್ಯಾಹ್ನ ಕಿಪ್ ಬಂದು, ಹನ್ನೆರಡನೇ ಮೈಲಿಯವರೆಗೆ ಹೋಗಿ ನೋಡಿಕೊಂಡು ಗೇಟಿಗೆ ಮರಳಿದ. ಗಾಡಿಯಿಂದ ಇಳಿಯುವ ಮೊದಲೇ ಮಾತು ಶುರುವಾಗಿತ್ತು. "...ಬ್ಬಾ, ಒಂಬತ್ತನೇ ಮೈಲಿ ನೋಡಿ ನಂಗೆ ನಂಬೋಕೇ ಆಗ್ಲಿಲ್ಲ! ನಾವು ಕೋರ್ಟಿಗೆ ಹೋಗಿದ್ರೆ ವರ್ಷ ಹಿಡೀತಿತ್ತು. ಒಳಗೆ ಜನ ಇದ್ರೆ ಕಂಪನಿ ಕೈ ಹಚ್ಚೋ ಹಾಗಿಲ್ಲ, ಕಾನೂನು. ನೀವು ಒಂದೇ ಬೆಳಿಗ್ಗೇಲಿ ಮುಗಿಸ್ಬಿಟ್ರಲ್ಲ! ಯಾರೂ ಇರ್ಲಿಲ್ಲ ತಾನೇ?"

ಬೆವ್ ಅರ್ವೊನನ್ನು ನೋಡಿದಳು. ಅರ್ವೊ ಬೆವ್‌ಳನ್ನು ನೋಡಿದ.

"ಯಾರೂ ಇರ್ಲಿಲ್ಲ," ಎಂದಳು ಬೆವ್.

ಅವಳನ್ನು ಹತ್ತು ಜನರ ಮುಂದೆ ಸುಳ್ಳಿ ಮಾಡಲು ಅರ್ವೊಗೆ ಮನಸ್ಸು ಬರಲಿಲ್ಲವೋ, ಆ ಮಾತು ನಿಜವೇ ಇರಬಹುದು ಎನ್ನಿಸಿತೋ, ಸುಮ್ಮನಿದ್ದ. ಕಿಪ್ ಫೋನು ಹಿಡಿದು ಎಲ್ಲರನ್ನೂ ಗುಡ್ಡೆಯ ಮುಂದೆ ಸಾಲು ನಿಲ್ಲಿಸಿದ. "ಬಿಳಿ ಶರ್ಟಿನ ಯಜಮಾನ್ರು ಯಾಕೆ ದೂರ ನಿಂತಿದೀರಾ? ನೀವೂ ಬನ್ನಿ ಸಾರ್, ನಡುವೆ ಬನ್ನಿ. ನೀವು ಸಂಘದ ಹಿರಿಯರಿರಬೇಕು."

ಅರ್ವೊ ಬಂದ. ಜಾಗ ಬಿಟ್ಟರು. ಅವನ ಬೆನ್ನಿಗೆ ನೀಲಿ ಬಾಗಿಲಿನ ಹಿಡಿ ತಗಲುತ್ತಿತ್ತು. "ನಗ್ಬೇಕು," ಎಂದ ಕಿಪ್. ನಕ್ಕರು.

ಫೋಟೋ ಮುಗಿದ ಮೇಲೆ ಅರ್ವೊ ಮಾರ್ವಾಳ ಗಾಡಿಯ ಬಳಿ ಹೋಗಿ ಮೆಲ್ಲಗೆ ಕೇಳಿದ. "ಎರಕದ ಬಾಣಲೆ ಒಂದಿತ್ತು ಮಾರ್ವಾ. ಹೆಲ್ಮೀದು. ಬೇರೆ ಏನಿಲ್ದಿದ್ರೂ ಪರವಾಗಿಲ್ಲ."

"ಅಯ್ಯೋ, ನಾನು ನೋಡ್ಲಿಲ್ವಲ್ಲ ಅರ್ವೊ," ಎಂದು ಮಾರ್ವಾ ತನ್ನ ಜಾಕೆಟ್ಟನ್ನು ಹಿಂದಿನ ಸೀಟಿನ ಮೇಲೆ ಸರಿಯಾಗಿ ಹರಡಿದಳು. ಆಮೇಲೆ ಒಂದು ಹಾಟ್‌ಡಾಗ್ ತಂದುಕೊಟ್ಟಳು, ಸಾಸಿವೆ ಜಾಸ್ತಿ ಹಾಕಿ.

ಬೀಗದ ಕೈ ರೋಲಿಗೇ ಬಂತು. ಬೇರೆ ಹೆಸರನ್ನು ಯಾರೂ ಹೇಳಲಿಲ್ಲ. ಕಿಪ್ ಅವನ ಕೈ ಕುಲುಕಿದ. "ಸಂಜೆಯಾದ್ಮೇಲೆ ಒಳಗೆ ಒಂದು ಗಾಡೀನೂ ಉಳೀಬಾರ್ದು. ಉಳಿದ್ರೆ ಕೀ ವಾಪಸು, ಗೇಟು ಬಂದ್." ಕಂಪನಿಯ ಗಾಡಿ ಹೋಯಿತು. ಒಬ್ಬೊಬ್ಬರಾಗಿ ಊರಿನವರೂ ಹೋದರು, ಕೈಗವಸು ಕೊಡವುತ್ತಾ, ಮುಂದಿನ ವರ್ಷವೂ ಹೀಗೇ ಮಾಡಬೇಕು ಎನ್ನುತ್ತಾ.

ರೋಲಿ ಗೇಟು ಎಳೆಯಲು ಹೋದಾಗ ಸೊಂಟದ ರೇಡಿಯೊ ಮಾತಾಡಿತು.

"ಒಂಬತ್ತನೇ ಮೈಲಿ. ಸಣ್ಣ ಗಾಡಿ." ಬಹಳ ಹೊತ್ತಾದ ಮೇಲೆ, "ನಿಂತಿದ್ದೀನಿ."

ಅರ್ವೊ ಯಾವಾಗ ಮೇಲೆ ಹೋದನೋ ಯಾರೂ ನೋಡಿರಲಿಲ್ಲ; ಹತ್ತುವಾಗ ಒಂದು ಮೈಲಿಯನ್ನೂ ಅವನು ಕೂಗಿರಲಿಲ್ಲ. ಹತ್ತುತಿದ್ದೀನಿ, ಇಳೀತಿದ್ದೀನಿ ಎಂಬೆರಡೇ ಮಾತು ಆ ರಸ್ತೆಯಲ್ಲಿ. ನಿಂತಿದ್ದೀನಿ ಎಂದು ಕೂಗಿದವರಿಲ್ಲ. ಯಾರಿಗೆ ಹೇಳುತ್ತಿದ್ದಾನೆ?

ಮೇಲೆ ಹೋಗಿ ಕರೆತರಬಹುದಿತ್ತು. ಹೋದರೆ ಆ ಖಾಲಿ ಬಯಲಿನಲ್ಲಿ ಅವನ ಎದುರು ನಿಂತು ಸ್ವಂತ ದನಿಯಲ್ಲಿ ಏನಾದರೂ ಅನ್ನಬೇಕು. ರೋಲಿ ಕೀಯನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದ. ಹನ್ನೊಂದನೇ ಮೈಲಿ ನೆನಪಾಯಿತು. ಮೂಗು ಬಿಗಿಯಿತು. ಈ ಸಲ ಮಾತು ಮೊದಲು ಶುರುಮಾಡಿ, ಆಮೇಲೆ ಗುಂಡಿ ಒತ್ತಿದ.

"...ಸ್ಟರ್ ನಿಸ್ಕನೆನ್, ಕಿಪ್ ಬ್ರ್ಯಾನಕ್. ತಪ್ಪಾಗೋಯ್ತು. ನೀವು ಯಾರು ಅಂತ ಈಗ ಗೊತ್ತಾಯ್ತು. ಕೆಳಗೆ ಬನ್ನಿ, ಕಂಪನಿ ಬೇರೆ ಜಾಗ ಕೊಡುತ್ತೆ. ಕಾಯ್ತಿರ್ತೀನಿ."

ಈ ಸಲ ಕೆಮ್ಮು ಬರಲಿಲ್ಲ. ಉತ್ತರ ತಕ್ಷಣ ಬಂತು, ಹುಡುಗನ ದನಿಯಷ್ಟು ಚುರುಕಾಗಿ. "ಬಂದೆ ಸಾರ್! ಒಂಬತ್ತನೇ ಮೈಲಿ, ಸಣ್ಣ ಗಾಡಿ, ಇಳೀತಿದ್ದೀನಿ!"

ದಾರಿಯುದ್ದಕ್ಕೂ ಒಂದು ಮೈಲಿಯನ್ನೂ ಬಿಡದೆ ಕೂಗುತ್ತಾ ಬಂದ. ಗೇಟು ದಾಟಿ ಗಾಡಿ ನಿಲ್ಲಿಸಿ, ಇಳಿದು, ಟೈ ಸರಿಮಾಡಿಕೊಂಡು ಸುತ್ತ ನೋಡಿದ.

"ಕಿಪ್ ಎಲ್ಲಿ?"

"ಈಗಷ್ಟೇ ಹೋದ್ರು," ಎಂದ ರೋಲಿ. "ಸೋಮವಾರ ಫೋನ್ ಮಾಡ್ತಾರಂತೆ."

"ಓಹೋ. ಸೋಮವಾರ." ಅರ್ವೊ ತಲೆಯಾಡಿಸಿದ. "ಕರೆದಿದ್ದು ನೀನೇ ಏನೋ ಅಂದ್ಕೊಂಡೆ ಮೊದ್ಲು. ಆದ್ರೆ ಮೊದಲನೇ ಪದ ತುಂಡಾಗಿ ಬಂತು ನೋಡು. ಆಗ್ಲೇ ತಿಳೀತು, ಇದು ನಿಜವಾದ ಕಿಪ್ಪೇ ಅಂತ."

ರೋಲಿ ಗೇಟು ಎಳೆದ. ಬೀಗ ಇರುವುದು ಕೆಳಗೆ, ಕಳ್ಳರ ಕೈಗೆ ಸಿಗಬಾರದೆಂದು ಮಾಡಿದ ಉಕ್ಕಿನ ಕೊಳವೆಯೊಳಗೆ; ಮಂಡಿಯೂರಿ ಮೊಣಕೈವರೆಗೆ ತೋಳು ತೂರಿಸಬೇಕು. ಅವನು ಬಾಗಿದ. ಮೊಣಕಾಲು ಮಡಚಲಿಲ್ಲ. ಕಂಬ ಹಿಡಿದು ಮತ್ತೊಮ್ಮೆ ಬಾಗಿದ, ಹಲ್ಲು ಕಚ್ಚಿದ. ಆಗಲಿಲ್ಲ.

"ಬಿಡೋ, ಬಿಡೋ. ಆ ಕಾಲಲ್ಲಿ ಯಾಕ್ ಒದ್ದಾಡ್ತೀಯ," ಎಂದು ಅರ್ವೊ ಅವನ ಕೈಯಿಂದ ಕೀ ತೆಗೆದುಕೊಂಡ. ಬಿಳಿ ಶರ್ಟಿನ ತೋಳನ್ನು ನೀಟಾಗಿ ಮೇಲಕ್ಕೆ ಮಡಚಿ, ಕೆಸರಿನಲ್ಲಿ ಮಂಡಿಯೂರಿ, ಕೊಳವೆಯೊಳಗೆ ಕೈಹಾಕಿ ತಡಕಾಡಿ, ಬೀಗ ಹಾಕಿದ. ಎಳೆದು ನೋಡಿದ. ಮತ್ತೊಮ್ಮೆ ಎಳೆದು ನೋಡಿದ.

"ಗಟ್ಟಿಯಾಗಿದೆ," ಎಂದು ಎದ್ದು, ಕೀಯ ಮಣ್ಣನ್ನು ಟೈಗೆ ಒರೆಸಿ ವಾಪಸು ಕೊಟ್ಟ.